ಷಡ್ಡಕನ ನಿದ್ದೆ

ಏಪ್ರಿಲ್ ೨೭, ಭಾನುವಾರ

ಈ ಪುಸ್ತಕದ ಮೊದಲ ಪುಟವನ್ನು ಖಾಲಿ ಬಿಟ್ಟಿದ್ದೆ, ಎಲ್ಲ ಮುಗಿದ ಮೇಲೆ ಆದ ಖರ್ಚು ಬರೆಯೋಣ ಎಂದು. ಇವತ್ತು ಮುಗಿಯಿತು ಅನ್ನಿಸಿತು, ಬರೆಯುತ್ತಿದ್ದೇನೆ.

ನೆಟ್ಟಗೆ ನಿದ್ದೆಯಿಲ್ಲದ ರಾತ್ರಿ, ನನ್ನ ಪಾಲಿನವು ಮಾತ್ರ, ನಲವತ್ತು. ನಸುನೀಲಿ ಬಣ್ಣ ಇಪ್ಪತ್ತು ಲೀಟರ್, ನಾನು ತೂಕಡಿಸಿದ್ದರಿಂದ ಹಸಿರಾಗಿ, ಯಾರಿಗೂ ಬೇಡವಾಗಿ, ನಮ್ಮನೆಯ ಹಿಂದಿನ ಗೋಡೆಗೆ ಹೋಯಿತು. ಮೇಜಿನ ದೀಪ ಒಂದು. ದೊಡ್ಡ ಆಸ್ಪತ್ರೆಯ ಅಧ್ಯಯನವೊಂದಕ್ಕೆ ಇಪ್ಪತ್ತೆಂಟು ರಾತ್ರಿಗಳ ದಾಖಲೆ ಹಾಳು, ಅದು ಪೂರ್ತಿ ನನ್ನ ಖಾತೆಗೆ. ಮರ್ಯಾದೆ, ಇದ್ದದ್ದೇ ಸ್ವಲ್ಪ, ಅದರಲ್ಲಿ ಅರ್ಧ.

ಲಾಭದ ಕಡೆ ಏನು ಬಂತು ಎಂಬುದು ಕೊನೆಯ ಪುಟಕ್ಕಿರಲಿ. ಅಂಗಡಿಯವನ ಅಭ್ಯಾಸ: ಮೊದಲು ಹೋದದ್ದು, ಆಮೇಲೆ ಬಂದದ್ದು.

ಮಾರ್ಚ್ ೧೦, ಸೋಮವಾರ

ಡಾಕ್ಟರು ಹಾಳೆಗಳ ಒಂದು ಕಟ್ಟು ಕೊಟ್ಟಿದ್ದಾರೆ. ಪ್ರತಿ ಬೆಳಿಗ್ಗೆ ಒಂದು ತುಂಬಬೇಕು. ಎಷ್ಟಕ್ಕೆ ಮಲಗಿದಿರಿ, ಎಷ್ಟು ಸಲ ಎದ್ದಿರಿ, ನಿಮ್ಮ ನಿದ್ದೆಗೆ ಹತ್ತಕ್ಕೆ ಎಷ್ಟು ಅಂಕ. ಪಕ್ಕದಲ್ಲಿ ಮಲಗಿದವರು ಹಾಯಾಗಿ ಗೊರಕೆ ಹೊಡೆಯುವಾಗ ನಿಮಗೆ ಹೇಗನ್ನಿಸಿತು ಎಂಬ ಪ್ರಶ್ನೆ ಅದರಲ್ಲಿಲ್ಲ. ಅದಕ್ಕೇ ಈ ಪುಸ್ತಕ ಬೇರೆ.

ಕಾಯಿಲೆಯ ಹೆಸರು ಪಾರ್ಕಿನ್ಸನ್. ಈಗಷ್ಟೇ ಶುರು, ಎಂದರು ಡಾಕ್ಟರು, ಹೊಸ ಅಂಗಡಿಯ ಉದ್ಘಾಟನೆಯ ದನಿಯಲ್ಲಿ. ಬಲಗೈ ಸುಮ್ಮನಿದ್ದಾಗ ಹೆಬ್ಬೆರಳು ತಾನಾಗಿಯೇ ನೋಟು ಎಣಿಸುತ್ತದೆ, ನೋಟಿಲ್ಲದಿದ್ದರೂ. ಡಬ್ಬಿಯ ಮೇಲೆ ಬಣ್ಣದ ಹೆಸರು ಬರೆಯಲು ಹೋದರೆ ಅಕ್ಷರ ಇರುವೆ ಸಾಲಾಗುತ್ತದೆ. ತೊಂದರೆ ಕಡಿಮೆ ಇರುವುದರಿಂದ ಒಂದೆರಡು ತಿಂಗಳು ಮಾತ್ರೆಯಿಲ್ಲದೆ ತಡೆಯಬಹುದು, ಅಷ್ಟರಲ್ಲಿ ನಮ್ಮದೊಂದು ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದರು. ಮಾತ್ರೆ ಶುರುವಾಗುವ ಮುಂಚೆ ಈ ರೋಗಿಗಳು ಹೇಗೆ ನಿದ್ದೆ ಮಾಡುತ್ತಾರೆ ಎಂದು ನೋಡುವುದಂತೆ. ಮಾಡುವುದಿಲ್ಲ. ಒಂದೇ ಪದದಲ್ಲಿ ಹೇಳಿ ಮುಗಿಸಬಹುದಿತ್ತು. ಆದರೂ ಸೇರಿದೆ, ಯಾರಾದರೂ ನನ್ನ ರಾತ್ರಿಗಳ ಲೆಕ್ಕ ಇಡುತ್ತಾರೆಂದರೆ ಬೇಡವೆನ್ನಲು ಮನಸ್ಸಾಗಲಿಲ್ಲ.

ಹತ್ತಕ್ಕೆ ಕಣ್ಣು ಮುಚ್ಚುತ್ತದೆ. ಒಂದಕ್ಕೆ ಎಚ್ಚರ. ಮಗ್ಗುಲು ಬದಲಿಸುವುದೆಂದರೆ ತುಂಬಿದ ದೊಡ್ಡ ಡಬ್ಬಿ ಹೊರಳಿಸಿದ ಹಾಗೆ: ಮೊದಲು ಭುಜ, ಆಮೇಲೆ ಸೊಂಟ, ನಡುವೆ ಸ್ವಲ್ಪ ವಿಶ್ರಾಂತಿ. ಬಚ್ಚಲಿಗೆ ಎರಡು ಸಲ. ಮೂರಕ್ಕೆ ಮತ್ತೆ ಎಚ್ಚರ. ಐದಕ್ಕೆ ಸೋಲೊಪ್ಪಿ ಏಳುತ್ತೇನೆ. ಇಷ್ಟೂ ಹೊತ್ತು ಪಕ್ಕದಲ್ಲಿ ಹೆಂಡತಿ ಉಸಿರಾಡುತ್ತಿರುತ್ತಾಳೆ, ಒಂದೊಂದು ಉಸಿರೂ ನನ್ನ ಜೇಬಿನಿಂದ ಎತ್ತಿಕೊಂಡದ್ದರ ಹಾಗೆ.

ಮಾರ್ಚ್ ೧೨, ಬುಧವಾರ

ಅಧ್ಯಯನದಲ್ಲಿ ಪ್ರತಿ ರೋಗಿಗೂ ಒಬ್ಬ ಆರೋಗ್ಯವಂತ ಜೋಡಿ ಬೇಕಂತೆ, ಪಕ್ಕಪಕ್ಕ ಇಟ್ಟು ನೋಡಲು.

"ರಕ್ತಸಂಬಂಧ ಇರ್ಬಾರ್ದು, ವಯಸ್ಸು ಹೆಚ್ಚುಕಮ್ಮಿ ಒಂದೇ ಇರ್ಬೇಕು," ಎಂದರು ಪಟ್ಟಿ ಮೇಡಂ. ರೋಗಿಗಳ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟುವ ಕೆಲಸ ಅವರದು, ಹೆಸರು ನಾನಿಟ್ಟದ್ದು.

ನಾನು ಯೋಚಿಸುವ ಮುಂಚೆಯೇ ಹೆಂಡತಿ ಬಾಯಿ ಹಾಕಿದಳು. "ನಮ್ಮ ಭಾವ ಇದ್ದಾರಲ್ಲ! ಇವರಿಗಿಂತ ಮೂರೇ ತಿಂಗಳು ದೊಡ್ಡೋರು. ಮಲಗಿದ್ರೆ ಕಲ್ಲು."

"ಕಲ್ಲು ಅನ್ನೋದು ಹೊಗಳಿಕೇನಾ?" ಎಂದೆ.

"ನಿಮ್ಗಂದಿದ್ರೆ ಅಲ್ಲ."

ಭಾವ ಎಂದರೆ ಅವಳ ಅಕ್ಕನ ಗಂಡ. ನನ್ನ ಷಡ್ಡಕ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು, ಊರಿಗೆಲ್ಲ ಇನ್ನೂ ಮೇಷ್ಟ್ರೇ. ಮೂವತ್ನಾಲ್ಕು ವರ್ಷದಿಂದ ನನ್ನನ್ನು ಅವನ ಪಕ್ಕದಲ್ಲಿಟ್ಟು ತೂಗುತ್ತಲೇ ಇದ್ದಾರೆ. ಮಾವನ ಮನೆಯಲ್ಲಿ ಕೈಯಿದ್ದ ಕುರ್ಚಿ ಅವನಿಗೆ, ಸ್ಟೂಲು ನನಗೆ. ಅವನ ಬೆನ್ನು ನೇರ, ಹೊಟ್ಟೆ ಒಳಗೆ, ಕೂದಲು ತಲೆಯ ಮೇಲೆ. ನಾನು ಬರಿಗೈಯಲ್ಲಿ ಬಂದು, ಪರರ ಗೋಡೆಗೆ ಸುಣ್ಣ ಹೊಡೆದು, ಬಾಯಿಯ ಬಲದಿಂದಲೇ ಬಣ್ಣದ ಅಂಗಡಿ ಕಟ್ಟಿದವನು. ಈ ಬೀದಿಯ ಅರ್ಧ ಮನೆಗಳು ನಾನು ಹೇಳಿದ ಬಣ್ಣದಲ್ಲಿ ನಿಂತಿವೆ. ಆದರೂ ನಾಲ್ಕು ಜನ ಸೇರಿದಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡುವುದು ಅವನು ಮಂಡಿ ಬಗ್ಗಿಸದೆ ಪಾದ ಮುಟ್ಟುವುದನ್ನು.

ಈಗ ನಿದ್ದೆಯಲ್ಲೂ ತಕ್ಕಡಿ.

ಫೋನ್ ಮಾಡಿದೆ. "ಆಗ್ಲಿ ಸಾವ್ಕಾರ್ರೇ," ಎಂದ. "ನಿಮ್ಮ ಕಾಯಿಲೆಗೆ ನನ್ನ ಆರೋಗ್ಯ ಉಪಯೋಗಕ್ಕೆ ಬರೋದಾದ್ರೆ ಬರ್ಲಿ ಬಿಡಿ."

ಈ ವಾಕ್ಯವನ್ನು ಇಲ್ಲಿ ಎರಡು ಸಲ ಬರೆದು ಎರಡು ಸಲ ಹೊಡೆದುಹಾಕಿದೆ. ಮೂರನೆಯದನ್ನು ಬಿಟ್ಟಿದ್ದೇನೆ, ಸಾಕ್ಷಿಗೆ.

ಮಾರ್ಚ್ ೧೫, ಶನಿವಾರ

ಪಟ್ಟಿ ಎಂದರೆ ಮುಖವಿಲ್ಲದ ಕೈಗಡಿಯಾರ. ರಾತ್ರಿಯೆಲ್ಲ ಕೈ ಎಷ್ಟು ಅಲುಗಿತು ಎಂದು ಗುರುತಿಟ್ಟುಕೊಳ್ಳುತ್ತದೆ. ಎರಡೂ ಒಂದೇ ಥರ. ಹಿಂಬದಿಯಲ್ಲಿ ಸಣ್ಣ ನಂಬರು ಮಾತ್ರ ಬೇರೆ. ನನ್ನದು ಹದಿನೇಳು, ಅವನದು ಹದಿನೆಂಟು. ಅವನಿಗೆ ಬರಲು ಪುರುಸೊತ್ತಿಲ್ಲ, ಎಲ್ಲೋ ಓಟದ ಪಂದ್ಯಕ್ಕೆ ತೀರ್ಪುಗಾರನಂತೆ. ಮೇಡಂ ಎರಡನ್ನೂ ನನ್ನ ಕೈಗೇ ಕೊಟ್ಟು ಕಟ್ಟುವ ರೀತಿ ತೋರಿಸಿದರು.

"ಅದಲು ಬದಲು ಆಗ್ದೇ ಇರೋ ಹಾಗೆ ನೋಡ್ಕೊಳ್ಳಿ, ಅಪ್ಪಾ."

ಅವರು ಹಾಗೆ ಹೇಳುವವರೆಗೂ ನನಗೆ ಆ ಯೋಚನೆ ಬಂದಿರಲಿಲ್ಲ. ಇದು ಸತ್ಯ.

ಬಸ್ಸಿನಲ್ಲಿ ಬಂತು. ನನ್ನ ನಂಬರು ಅವನ ಕೈಗೆ, ಅವನ ನಂಬರು ನನ್ನ ಕೈಗೆ. ಹದಿನಾಲ್ಕು ರಾತ್ರಿ ಅವನ ಕಲ್ಲಿನಂಥ ನಿದ್ದೆ ನನ್ನ ಹೆಸರಿನಲ್ಲಿ ಜಮೆಯಾಗಲಿ, ನನ್ನ ಹೊರಳಾಟ ಅವನ ಹೆಸರಿಗೆ ಹೋಗಲಿ. ಒಂದು ಸಲ, ಒಂದೇ ಒಂದು ಕಾಗದದ ಮೇಲಾದರೂ, ನಾನು ಮೇಲೆ ಅವನು ಕೆಳಗೆ ಇರಲಿ. ಡಾಕ್ಟರು ಅವನನ್ನು ಕೂರಿಸಿಕೊಂಡು "ಏನ್ರೀ ಆಗಿದೆ ನಿಮ್ಗೆ?" ಎಂದು ಕೇಳಲಿ.

ಸಂಜೆ ಹೋಗಿ ಅವನ ಮಣಿಕಟ್ಟಿಗೆ ಹದಿನೇಳು ಕಟ್ಟಿದೆ. ಕಟ್ಟುವಾಗ ಕೈ ನಡುಗಿತು. ಈ ಕಾಯಿಲೆಯ ಒಂದೇ ಅನುಕೂಲ ಇದು: ಕೈ ನಡುಗಿದರೆ ಯಾರೂ ಕಾರಣ ಕೇಳುವುದಿಲ್ಲ.

ಮಾರ್ಚ್ ೧೮, ಮಂಗಳವಾರ

ಬೆಳಿಗ್ಗೆ ಆರೂವರೆಗೆ ಸರಿಯಾಗಿ ಫೋನು. ಶಾಲೆಯ ಗಂಟೆ ತಪ್ಪಬಹುದು, ಅವನು ತಪ್ಪುವುದಿಲ್ಲ.

"ನಂದು ಒಂಬತ್ತು. ನಿಮ್ದೆಷ್ಟು?"

"ನಾಲ್ಕು."

"ಅಯ್ಯೋ ಪಾಪ. ಆ ಒಂದು ಅಂಕ ಯಾಕೆ ಕಳ್ಕೊಂಡೆ ಅಂದ್ರೆ, ಮೈಕೈ ಸ್ವಲ್ಪ ನೋವು. ಕುಸ್ತಿ ಆಡಿ ಎದ್ದಂಗೆ. ವಯಸ್ಸು ನೋಡಿ."

ಅವನಿಗೆ ವಯಸ್ಸಂತೆ. ಹನ್ನೊಂದಕ್ಕೆ ಅಂಗಡಿಯಲ್ಲಿ ಬಣ್ಣ ಕಲಸುವ ಮಿಷನ್ನಿನ ಮುಂದೆ ನಿಂತೇ ಕಣ್ಣು ಎಳೆದುಕೊಂಡು ಹೋಯಿತು. ಒಂದು ನಿಮಿಷವಿರಬಹುದು. ಎಚ್ಚರವಾದಾಗ ನಸುನೀಲಿ ಇಪ್ಪತ್ತು ಲೀಟರಿಗೂ ಹಳದಿ ಸುರಿದುಬಿಟ್ಟಿದ್ದೆ. ಅಂಗಡಿಯ ಹಳೇ ಆಳು ಡಬ್ಬಿಯೊಳಗೆ ಇಣುಕಿ, "ಕೆರೆ ಪಾಚಿ ಬಣ್ಣ. ಯಾರಾದ್ರೂ ಕೇಳಿದ್ರೆ ಹೊಸಾ ಬಣ್ಣ ಅನ್ನೋಣ," ಎಂದ. ನನ್ನ ಬಾಯಿ ಅವನಿಗೂ ಬಂದಿದೆ.

ಮಾರ್ಚ್ ೨೦, ಗುರುವಾರ

ನನ್ನದು ಮೂರು. ಅವನದು ಹತ್ತಂತೆ. ಹತ್ತು ಯಾರಾದರೂ ಹಾಕಿಕೊಳ್ಳುತ್ತಾರೆಯೇ?

ಮಾರ್ಚ್ ೨೧, ಶುಕ್ರವಾರ

ಅಕ್ಕನ ಜೊತೆ ಮುಕ್ಕಾಲು ಗಂಟೆ ಫೋನಿನಲ್ಲಿ ಮಾತಾಡಿ ಬಂದು ಹೆಂಡತಿ ವರದಿ ಒಪ್ಪಿಸಿದಳು. ಅತ್ತಿಗೆಯ ಎಡಗಣ್ಣಿನ ಕೆಳಗೆ ಕಪ್ಪಾಗಿ ಊದಿಕೊಂಡಿದೆಯಂತೆ. ಬೀರು ಬಾಗಿಲು ಬಡಿಯಿತಂತೆ.

"ಯಾವ ಬೀರು?" ಎಂದೆ.

"ಹೊಸದು. ಹೋದ ತಿಂಗಳು ತಗೊಂಡ್ರಲ್ಲ, ಗೋಡೆಯಷ್ಟು ದೊಡ್ಡದು, ಕನ್ನಡಿ ಎಲ್ಲ ಇದೆ."

ನೋಡಿ. ಪೆಟ್ಟಾದರೂ ಹೊಸ ಬೀರುವಿನಿಂದಲೇ ಆಗಬೇಕು. ನಮ್ಮನೆಯ ಬೀರುವಿನ ಬಾಗಿಲು ಬಡಿಯುವುದಿಲ್ಲ, ಕಳಚಿ ಕೈಗೆ ಬರುತ್ತದೆ. ನಿವೃತ್ತ ಮೇಷ್ಟ್ರಿಗೆ ಗೋಡೆಯಷ್ಟು ಬೀರು ಯಾಕೆ? ಏನು ತುಂಬುತ್ತಾನೆ, ಸೀಟಿಗಳನ್ನೇ?

ರಾತ್ರಿಯೆಲ್ಲ ಆ ಬೀರು ಕಣ್ಣ ಮುಂದೆ ನಿಂತಿತ್ತು. ಅಂಕ ಮೂರು.

ಮಾರ್ಚ್ ೨೫, ಮಂಗಳವಾರ

ಷಡ್ಡಕ ಅಂಗಡಿಗೆ ಬಂದಿದ್ದ, ಗೇಟಿಗೆ ಹೊಡೆಯಲು ಕಪ್ಪು ಬಣ್ಣ ಬೇಕೆಂದು. ಗಲ್ಲಾದ ಪಕ್ಕ ನಿಂತು ಕಾಲು ಗಂಟೆ ತನ್ನ ನಡಿಗೆಯ ಮಹಾತ್ಮೆ ಹೇಳಿದ. ಆಳು ಹಿಂದಿನ ಕೋಣೆಯಿಂದ ಮೂಗು ಮುಚ್ಚಿಕೊಂಡು ಓಡಿ ಬಂದ. ನಮ್ಮಿಬ್ಬರ ಕಾಲ ಬುಡದಲ್ಲೇ ಟರ್ಪೆಂಟೈನ್ ಡಬ್ಬಿ ಸೋರಿ ನೆಲವೆಲ್ಲ ಹರಿದಿತ್ತು.

"ಇಬ್ರಿಗೂ ವಾಸ್ನೆ ಬರ್ಲಿಲ್ವಾ? ಬೀದಿಗೆಲ್ಲ ಹೊಡೀತಿದೆ!"

ನನಗೆ ವರ್ಷದಿಂದ ಯಾವ ವಾಸನೆಯೂ ಬರುವುದಿಲ್ಲ, ಅದೂ ಇದೇ ಕಾಯಿಲೆಯದ್ದು ಎಂದಿದ್ದಾರೆ ಡಾಕ್ಟರು. ಅವನಿಗೇನಾಗಿತ್ತು? ತನ್ನ ಮಾತಿನಲ್ಲೇ ಮುಳುಗಿದ್ದ, ಅಷ್ಟೇ. ಇಬ್ಬರೂ ನಕ್ಕೆವು. ಹೋಗುವಾಗ ನೋಡಿದೆ, ಪಕ್ಕಾ ಡ್ರಿಲ್ ನಡಿಗೆ, ಆದರೆ ಎಡಗೈ ಮಾತ್ರ ಬೀಸುತ್ತಿಲ್ಲ, ಮೈಗೆ ಅಂಟಿಸಿಕೊಂಡಿದ್ದಾನೆ. ಗತ್ತು.

ಮಾರ್ಚ್ ೨೯, ಶನಿವಾರ

ಎರಡೂ ಪಟ್ಟಿ ಮರಳಿಸಿದೆ. ಮಣಿಕಟ್ಟು ಹಗುರ, ಮನಸ್ಸು ಇನ್ನೂ ಹಗುರ. ಬುಧವಾರ ಬನ್ನಿ ಎಂದಿದ್ದಾರೆ.

ಏಪ್ರಿಲ್ ೨, ಬುಧವಾರ

ಇದನ್ನು ನಿಧಾನವಾಗಿ ಬರೆಯಬೇಕು.

ಮೇಡಂ ಪರದೆಯ ಮೇಲೆ ಎರಡು ಪಟ್ಟಿಯ ಗೀಟುಗಳನ್ನೂ ತೆರೆದಿಟ್ಟಿದ್ದರು. ನನ್ನನ್ನು ಒಬ್ಬನನ್ನೇ ಕರೆದಿದ್ದರು. ಮೊದಲು ಷಡ್ಡಕನ ಹೆಸರಿನದು ತೋರಿಸಿದರು, ಅಂದರೆ ನಿಜಕ್ಕೂ ನನ್ನದು. "ನಿಮ್ಮ ಜೋಡಿಯವ್ರದ್ದು ಸ್ವಲ್ಪ ತುಂಡು ತುಂಡು ನಿದ್ದೆ. ಈ ವಯಸ್ಸಿಗೆ ಇರುತ್ತೆ."

ಒಳಗೊಳಗೇ ಕುಣಿದೆ.

"ಆದ್ರೆ ಅಪ್ಪಾ, ನಿಮ್ದು..." ಎಂದು ಇನ್ನೊಂದನ್ನು ತೆರೆದರು. ಪರದೆಯ ತುಂಬ ಮುಳ್ಳು. ಬೆಳಗಿನ ಜಾವದ ಹೊತ್ತಿಗೆ ಒತ್ತೊತ್ತಾಗಿ, ಎತ್ತರೆತ್ತರ, ಯಾರೋ ಯಾರನ್ನೋ ಹಿಡಿದು ಬಡಿದ ಹಾಗೆ. "ಬರೀ ಹೊರಳಾಟ ಅಲ್ಲ ಇದು. ಕೈ ಬೀಸಿದ್ದೀರಿ. ನೀವು ಬರೆದ ಹಾಳೆಗೂ ಇದಕ್ಕೂ ತಾಳೆಯಾಗ್ತಿಲ್ಲ. ಕೆಲವರಿಗೆ ಕನಸು ಕಾಣೋವಾಗ ಮೈ ಸುಮ್ಮನಿರಲ್ಲ, ಕನಸಲ್ಲಿ ಮಾಡಿದ್ದನ್ನೆಲ್ಲ ಕೈಕಾಲು ಮಾಡ್ಬಿಡುತ್ತೆ, ಅವರಿಗೆ ಗೊತ್ತೇ ಆಗಲ್ಲ. ನಿಮ್ಮ ಕಾಯಿಲೆ ಇರೋರಲ್ಲಿ ಜಾಸ್ತಿ. ಎಷ್ಟೋ ಜನಕ್ಕೆ ಕಾಯಿಲೆಗಿಂತ ವರ್ಷಗಟ್ಟಲೆ ಮುಂಚೆನೇ ಶುರುವಾಗಿರುತ್ತೆ. ನಿಮ್ಮ ಮನೆಯವ್ರಿಗೆ ಏಟು ಬಿದ್ದಿದೆಯಾ?"

"ಇಲ್ಲ," ಎಂದೆ. ನಿಜವೇ ತಾನೆ.

ಡಾಕ್ಟರನ್ನು ಕೇಳಿ ಒಂದು ರಾತ್ರಿ ಇಲ್ಲೇ ಮಲಗಿಸಿ ನೋಡುತ್ತೇವೆ, ಆಮೇಲೆ ಅದಕ್ಕೆ ಮಾತ್ರೆ, ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಕಲ್ಲಿನ ನಿದ್ದೆ! ಒಂಬತ್ತು, ಹತ್ತು! ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ತಕ್ಕಡಿ ನನ್ನ ಕಡೆ ವಾಲಿದೆ. ನನಗೆ ಸಂತೋಷವಾಯಿತು. ಸುಳ್ಳು ಬರೆದು ಏನು ಪ್ರಯೋಜನ, ಆಯಿತು. ಗೋಡೆ ಗಡಿಯಾರದ ಪ್ರಕಾರ ಹನ್ನೊಂದು ನಿಮಿಷ.

ಹನ್ನೆರಡನೆಯ ನಿಮಿಷಕ್ಕೆ ಅತ್ತಿಗೆಯ ಕಣ್ಣು ನೆನಪಾಯಿತು.

ಏಪ್ರಿಲ್ ೪, ಶುಕ್ರವಾರ

ಬೀರು ಬಾಗಿಲು ಬಡಿಯುವುದೇನು ಹೊಸದಲ್ಲ. ಎಲ್ಲರ ಮನೆಯಲ್ಲೂ ಬಡಿಯುತ್ತದೆ.

ಹೇಳಿದರೆ ನಾನು ಕಳ್ಳನಾಗುತ್ತೇನೆ. ಹೇಳದಿದ್ದರೆ ಯಾರಿಗೆ ಗೊತ್ತು?

ಅಂಕ ಎರಡು.

ಏಪ್ರಿಲ್ ೬, ಭಾನುವಾರ

ಊಟಕ್ಕೆ ಅವರ ಮನೆಗೆ ಹೋಗಿದ್ದೆವು. ಅತ್ತಿಗೆಯ ಕಣ್ಣಿನ ಕಪ್ಪು ಹಳದಿಗೆ ತಿರುಗಿದೆ. ಬಣ್ಣದವನಿಗೆ ದಿನ ಗೊತ್ತಾಗುತ್ತದೆ. ಆದರೆ ಬಲಗೈ ಮಣಿಕಟ್ಟಿಗೆ ಹೊಸ ಬ್ಯಾಂಡೇಜು. ಷಡ್ಡಕ ನನ್ನ ಹೆಂಡತಿಗೆ ಅಂಗಳದಲ್ಲಿ ಉಸಿರಾಟದ ಪಾಠ ಮಾಡುತ್ತಿದ್ದಾಗ ನಾನು ಬೀರು ನೋಡುವ ನೆಪದಲ್ಲಿ ಒಳಗೆ ಹೋದೆ.

ಗೋಡೆಯಷ್ಟು ದೊಡ್ಡದು, ಕನ್ನಡಿಯೂ ಇದೆ. ಬಾಗಿಲು ಹಿಡಿದು ಎಳೆದೆ. ಬರಲಿಲ್ಲ. ಪಕ್ಕಕ್ಕೆ ತಳ್ಳಿದೆ, ಸರ್ರನೆ ಸರಿಯಿತು. ಅಡುಗೆಮನೆಗೆ ಹೋದೆ.

"ಅತ್ತಿಗೆ, ಆ ಬಾಗಿಲು ಕಣ್ಣಿಗೆ ಬಡೀಬೇಕಾದ್ರೆ ನೀವು ಬೀರು ಒಳಗೆ ನಿಂತಿರ್ಬೇಕು," ಎಂದೆ.

ಅವರು ನಕ್ಕುಬಿಟ್ಟರು. ಆಮೇಲೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದರು. ಅದು ನಗುವಲ್ಲವೆಂದು ನನಗೆ ತಡವಾಗಿ ತಿಳಿಯಿತು.

"ಯಾರಿಗೂ ಹೇಳ್ಬೇಡಿ. ಹೇಳಿದ್ರೆ ಏನಂತಾರೆ? ಹೆಂಡ್ತಿಗೆ ಹೊಡೀತಾರೆ ಅಂತಾರೆ. ಇಷ್ಟು ವರ್ಷದಲ್ಲಿ ಒಂದು ಮಾತು ಏರು ದನೀಲಿ ಆಡಿಲ್ಲ ಅವರು. ಎಚ್ಚರ ಇದ್ದಾಗ."

"ಎಷ್ಟು ದಿನದಿಂದ?"

"ಎರಡು ವರ್ಷ ಆಗ್ತಾ ಬಂತು. ಮೊದ್ಲು ಬರೀ ಕೂಗಾಟ. ಈಗ ಕೈ. ನಡುವೆ ದಿಂಬು ಇಟ್ಕೋತೀನಿ, ದಿಂಬನ್ನೂ ಒದೀತಾರೆ."

"ಅವರಿಗೆ ಗೊತ್ತಿಲ್ವಾ?"

"ಎಲ್ಲಿ ಗೊತ್ತು? ಎದ್ದು ನಗ್ತಾ ಒಂಬತ್ತು ಅಂತ ಬರೀತಾರೆ. ಹೋದ ವಾರ ಮೇಜಿನ ದೀಪ ಒಡೆದ್ರು. ಬೆಕ್ಕು ಬೀಳಿಸ್ತು ಅಂದೆ. ನಮ್ಮನೇಲಿ ಬೆಕ್ಕೇ ಇಲ್ಲ. ಪಾಪ, ಹೊರಗಿಂದ ಬಂದಿರ್ಬೇಕು ಅಂತ ಅವತ್ತಿಂದ ಕಿಟಕಿ ಚಿಲಕ ಹಾಕಿ ಮಲಗ್ತಾರೆ."

"ಬೇರೆ ಕೋಣೇಲಿ ಮಲಗ್ಬಾರ್ದಾ ನೀವು?"

"ಯಾಕೆ ಅಂತ ಕೇಳ್ತಾರಲ್ಲ. ಏನು ಹೇಳ್ಲಿ?"

ಹಾಗಾದರೆ ಆ ಒಂಬತ್ತೂ ಹತ್ತೂ ಬಡಾಯಿಯಲ್ಲ. ಅವನು ನಿಜವನ್ನೇ ಬರೆಯುತ್ತಿದ್ದ. ನಮ್ಮಿಬ್ಬರಲ್ಲಿ ಸುಳ್ಳು ಲೆಕ್ಕ ಇಟ್ಟವನು ನಾನೊಬ್ಬನೇ.

ಊಟಕ್ಕೆ ಕೂತಾಗ ಅವನ ಕೈಗಳನ್ನೇ ನೋಡುತ್ತಿದ್ದೆ. ದೊಡ್ಡ ಕೈಗಳು. ಅತ್ತಿಗೆಯ ತಲೆ ಇರುವುದು ಆ ಕೈಯಿಂದ ಒಂದು ದಿಂಬಿನ ದೂರದಲ್ಲಿ. ಮುಂದಿನ ಏಟು ಎಲ್ಲಿಗೆ ಬೀಳುತ್ತದೋ ಯಾರು ಬಲ್ಲರು?

ಏಪ್ರಿಲ್ ೭, ಸೋಮವಾರ

ಅಂಗಡಿ ತೆರೆಯಲಿಲ್ಲ. ನೇರ ಆಸ್ಪತ್ರೆಗೆ ಹೋಗಿ ಮೇಡಂ ಮುಂದೆ ಎಲ್ಲ ಒಪ್ಪಿಸಿದೆ. ನಲವತ್ತು ವರ್ಷ ಮಾತಾಡಿ ಬದುಕಿದವನು. ಮೂರು ವಾಕ್ಯಕ್ಕೆ ಬೆವರಿದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ನಿಮ್ಗೆ ವಯಸ್ಸೆಷ್ಟು ಅಪ್ಪಾ?"

"ಅರವತ್ತೆರಡು."

"ಇಪ್ಪತ್ತೆಂಟು ರಾತ್ರಿ. ಇಂಥ ಜೋಡಿ ಸಿಗಕ್ಕೆ ನಾಲ್ಕು ತಿಂಗಳು ಅಲೆದಿದ್ದೆ." ಕನ್ನಡಕ ತೆಗೆದು ಒರೆಸಿದರು. "ನೀವು ಬಾಯಿ ಬಿಡದೇ ಇದ್ದಿದ್ರೆ ಅವರಿಗೆ ಕೊಡೋ ಮಾತ್ರೆ ನಿಮ್ಗೆ ಕೊಡ್ತಿದ್ವಿ. ಅವರನ್ನ ಆರೋಗ್ಯವಂತರ ಪಟ್ಟಿಗೆ ಸೇರಿಸಿ ಮನೆಗೆ ಕಳಿಸ್ತಿದ್ವಿ."

ಅಧ್ಯಯನದಿಂದ ಇಬ್ಬರ ಹೆಸರೂ ಹೊಡೆದರು. ಇನ್ನು ಕಾಯುವ ಕಾರಣವಿಲ್ಲ, ನನ್ನ ಮಾತ್ರೆ ಶುರು ಮಾಡೋಣ ಎಂದರು ಡಾಕ್ಟರು. ಅವನನ್ನು ಒಂದು ರಾತ್ರಿ ಇಲ್ಲಿ ಮಲಗಿಸಿ ನೋಡಲೇಬೇಕಂತೆ. ಕರೆತರುವ ಕೆಲಸ ನನ್ನದು. ಹೇಳುವ ಕೆಲಸವೂ.

ಏಪ್ರಿಲ್ ೮, ಮಂಗಳವಾರ

ಆರಕ್ಕೆ ಶಾಲೆಯ ಮೈದಾನಕ್ಕೆ ಹೋದೆ. ಮೇಷ್ಟ್ರು ಸುತ್ತು ಹಾಕುತ್ತಿದ್ದರು.

"ಏನ್ ಸಾವ್ಕಾರ್ರೇ, ದಾರಿ ತಪ್ಪಿದ್ರಾ?"

ಪಕ್ಕದಲ್ಲಿ ಹೆಜ್ಜೆ ಹಾಕುತ್ತಲೇ ಪಟ್ಟಿಯ ವಿಷಯ ಹೇಳಿದೆ. ಅವರು ನಿಲ್ಲಲಿಲ್ಲ.

"ಯಾಕೆ ಹಾಗೆ ಮಾಡಿದ್ರಿ?"

"ಹೊಟ್ಟೆಕಿಚ್ಚು."

"ನನ್ನ ಮೇಲಾ? ನಿಮ್ಗಾ?" ಅವರಿಗೆ ನಗು ಬಂತು. "ಅಂಗಡಿ ಇದೆ, ನೀವು ಬಾಯಿ ತೆಗೆದ್ರೆ ಜನ ನಿಂತು ಕೇಳ್ತಾರೆ. ನಾನು ಮೂವತ್ತು ವರ್ಷ ಸೀಟಿ ಊದಿದೋನು. ಮಾವನ ಮನೇಲಿ ನೀವು ಸ್ಟೂಲ್ ಮೇಲೆ ಕೂತು ಎಲ್ಲರನ್ನೂ ನಗಿಸ್ತಿದ್ರೆ, ನಾನು ಆ ಕುರ್ಚೀಲಿ ಕಂಬದ ಹಾಗೆ ಕೂತಿರ್ತಿದ್ದೆ."

ಇದನ್ನು ಮೂವತ್ನಾಲ್ಕು ವರ್ಷದ ಹಿಂದೆಯೇ ಹೇಳಿದ್ದರೆ ಎಷ್ಟೊಂದು ಉಳಿಯುತ್ತಿತ್ತು.

ಆಮೇಲೆ ಗೀಟುಗಳ ವಿಷಯ ಹೇಳಿದೆ, ಕನಸಿನಲ್ಲಿ ಮೈ ಸುಮ್ಮನಿರದ ವಿಷಯ. ಅತ್ತಿಗೆಯ ಕಣ್ಣು.

"ಅದು ಬೀರು ಬಾಗಿಲು," ಎಂದರು.

"ಅದು ಪಕ್ಕಕ್ಕೆ ಸರಿಯುತ್ತೆ, ಮೇಷ್ಟ್ರೇ."

ನಿಂತರು. ತಮ್ಮ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡರು, ಬೇರೆಯವರ ಸಾಮಾನು ನೋಡುವ ಹಾಗೆ.

"ಕನಸಲ್ಲಿ ಒಬ್ಬ ಬರ್ತಾನೆ," ಎಂದರು. "ಅವಳನ್ನ ಎಳ್ಕೊಂಡು ಹೋಗ್ತಿರ್ತಾನೆ. ನಾನು ಬಿಡಲ್ಲ, ಸರಿಯಾಗಿ ಹೊಡೀತೀನಿ. ಬೆಳಿಗ್ಗೆ ಏಳೋವಾಗ ಮೈಯೆಲ್ಲ ನೋವು, ಆದ್ರೆ ಒಂಥರಾ ಸಮಾಧಾನ. ಉಳಿಸ್ಕೊಂಡೆ ಅಂತ."

ಹತ್ತು ಸುತ್ತು ಅವರ ಲೆಕ್ಕ. ಏಳಕ್ಕೇ ನಿಲ್ಲಿಸಿ ಮನೆ ಕಡೆ ಹೋದರು. ನಾನು ಕರೆದರೂ ತಿರುಗಲಿಲ್ಲ.

ಏಪ್ರಿಲ್ ೧೦, ಗುರುವಾರ

ಆರೂವರೆಗೆ ಫೋನಿಲ್ಲ. ಒಳ್ಳೆಯದೇ ಆಯಿತು, ನೆಮ್ಮದಿಯಾಗಿ ಚಹಾ ಕುಡಿಯಬಹುದು. ಕುಡಿದೆ. ಆರೂಮುಕ್ಕಾಲಿಗೆ ನನ್ನ ಫೋನು ಕೆಟ್ಟಿದೆಯೇನೋ ಎಂದು ಹೆಂಡತಿಯ ಫೋನಿನಿಂದ ಮಾಡಿ ನೋಡಿದೆ. ಕೆಟ್ಟಿಲ್ಲ.

ಏಪ್ರಿಲ್ ೧೩, ಭಾನುವಾರ

ಅತ್ತಿಗೆ ಫೋನ್ ಮಾಡಿ ಅತ್ತರು. ಮೇಷ್ಟ್ರು ಐದು ರಾತ್ರಿಯಿಂದ ಮಲಗಿಲ್ಲವಂತೆ. ಅಂಗಳದ ಕಡೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕೈಕಟ್ಟಿ, ಎಚ್ಚರ ಕಾಯುತ್ತಾರಂತೆ. ತಮ್ಮನ್ನೇ ಕಾಯುವುದು. ಆಸ್ಪತ್ರೆಗೂ ಬರಲೊಲ್ಲರು, ಅಪರಿಚಿತರ ಮುಂದೆ ಮಲಗಿ ನನ್ನ ಹೊಲಸು ತೋರಿಸಲೇ ಎನ್ನುತ್ತಾರಂತೆ.

ಅಂಗಡಿಯಿಂದ ದಪ್ಪ ಸ್ಪಂಜಿನ ಹಾಳೆಗಳನ್ನು ಹೊರಿಸಿಕೊಂಡು ಹೋದೆ. ನಾನೂ ಆಳೂ ಸೇರಿ ಮಂಚದ ಮೂಲೆಗಳಿಗೆಲ್ಲ ಸುತ್ತಿ ಕಟ್ಟಿದೆವು. ಅತ್ತಿಗೆಗೆ ಪಕ್ಕದ ಕೋಣೆಯಲ್ಲಿ ಒಂಟಿ ಮಂಚ ಹಾಕಿದೆವು. ಮೇಷ್ಟ್ರು ಕುರ್ಚಿಯಿಂದ ಏಳಲಿಲ್ಲ. ಐದು ದಿನದಲ್ಲಿ ಬೆನ್ನು ಬಾಗಿದೆ. ನೋಡಲಾಗಲಿಲ್ಲ.

"ನಿನ್ನೆ ನಂದು ಐದು," ಎಂದೆ.

ಕಟ್ಟಿದ ಕೈಗಳನ್ನೇ ನೋಡುತ್ತಿದ್ದರು.

"ಮಾತ್ರೆ ಶುರುವಾಗಿದೆ. ಬರೋ ವಾರ ಆರಾಗುತ್ತೆ. ನಿಮ್ದೆಷ್ಟು? ಸೊನ್ನೆ ತಾನೇ?"

ತಲೆ ಎತ್ತಿದರು.

"ರೋಗಿ ನಾನು. ಆರೋಗ್ಯವಂತ ಅಂತ ಬಂದ ನೀವು ಕುರ್ಚೀಲಿ ಕೂತು ಸೋತ್ರಿ ಅಂತ ಬೀದಿಗೆಲ್ಲ ಹೇಳ್ತೀನಿ. ನನ್ನ ಬಾಯಿ ನಿಮ್ಗೆ ಗೊತ್ತಲ್ಲ."

"ಬಹಳ ಕೆಟ್ಟೋರು ನೀವು," ಎಂದರು ಮೇಷ್ಟ್ರು. ಕಟ್ಟಿದ ಕೈ ಬಿಚ್ಚಿ, "ಯಾವತ್ತು ಹೋಗ್ಬೇಕು?" ಎಂದರು.

ಏಪ್ರಿಲ್ ೧೮, ಶುಕ್ರವಾರ

ನಿನ್ನೆ ರಾತ್ರಿ ಮೇಷ್ಟ್ರ ತಲೆಗೆ ಮೈಗೆ ತಂತಿ ಅಂಟಿಸಿ ಮಲಗಿಸಿದರು. ಮೇಲೊಂದು ಕ್ಯಾಮೆರಾ. ಜೊತೆಗಾರರು ಇರಲೇಬೇಕೆಂದಿಲ್ಲ, ಮನೆಗೆ ಹೋಗಿ ಎಂದರು ಮೇಡಂ. ಹೊರಗಿನ ಬೆಂಚು ಚೆನ್ನಾಗಿದೆ ಎಂದು ಹೇಳಿ ಅಲ್ಲೇ ಕೂತೆ. ಗಟ್ಟಿ ಬೆಂಚು.

ನಾಲ್ಕೂವರೆಗೆ ಗೋಡೆಯಾಚೆಯಿಂದ ಕೂಗು: "ಸಾಲಾಗಿ ನಿಲ್ಲಿ! ಅವಳನ್ನ ಬಿಡೋ!" ಆಮೇಲೆ ಧಬಧಬ ಸದ್ದು. ಒಳಗೆ ಓಡಲು ಹೋದವನನ್ನು ಮೇಡಂ ತೋಳು ಹಿಡಿದು ನಿಲ್ಲಿಸಿದರು.

ಬೆಳಿಗ್ಗೆ ಡಾಕ್ಟರು ಬಿಡಿಸಿ ಹೇಳಿದರು. ಕನಸು ಕಾಣುವಾಗ ಮೈಗೆ ಬೀಳಬೇಕಾದ ಬೀಗ ಅವರಿಗೆ ಬೀಳುತ್ತಿಲ್ಲ. ನನ್ನ ಕಾಯಿಲೆ ಅವರಿಗೆ ಈಗ ಇದೆ ಎನ್ನುವಷ್ಟು ಲಕ್ಷಣ ಇಲ್ಲ. ಮುಂದೆ ಬರಬಹುದು, ಬರದೆಯೂ ಇರಬಹುದು. ವರ್ಷಕ್ಕೊಮ್ಮೆ ಬಂದು ತೋರಿಸಬೇಕು. ವಾಸನೆ ಬರುತ್ತದೆಯೇ ಎಂದು ಕೇಳಿದರು. ಮೇಷ್ಟ್ರು ನನ್ನ ಮುಖ ನೋಡಿದರು. ಎಡಗೈ ಬೀಸದೇ ಇರುವುದನ್ನು ನಾನೇ ಹೇಳಿದೆ. ಡಾಕ್ಟರು ಎರಡನ್ನೂ ಬರೆದುಕೊಂಡರು.

ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ಮಲಗಿಬಿಟ್ಟರು. ನಮ್ಮ ನಿಲ್ದಾಣ ಬಂತು. ಎಬ್ಬಿಸಲಿಲ್ಲ. ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬಂದೆವು. ನನಗೂ ಏನೂ ಅವಸರವಿರಲಿಲ್ಲ.

ಏಪ್ರಿಲ್ ೨೩, ಬುಧವಾರ

ಹೆಂಡತಿ ಬೆಳಿಗ್ಗೆಯಿಂದ ಒಂದೇ ಸಮನೆ: "ಭಾವನ ಧೈರ್ಯ ನೋಡಿ! ಎಷ್ಟು ಶಾಂತವಾಗಿ ಒಪ್ಕೊಂಡ್ರು."

ನನಗೆ ಕಾಯಿಲೆ ಎಂದಾಗ ಧೈರ್ಯ ಅನ್ನುವ ಮಾತು ಈ ಮನೆಯಲ್ಲಿ ಕೇಳಲಿಲ್ಲ. ಕಾಯಿಲೆಯಲ್ಲೂ ಅವರೇ ಮೊದಲನೆಯ ಸಾಲು. ಬೆಳಿಗ್ಗೆ ಹತ್ತು ಸುತ್ತು ಹಾಕುವಾಗ ಇದನ್ನು ಅವರಿಗೇ ಹೇಳಿದೆ. ನಗುತ್ತ ನಗುತ್ತ ಕೆಮ್ಮಿದರು. ಎಡಗೈ ಬೀಸಿ ಎಂದು ನೆನಪಿಸಿದೆ, ನಾಲ್ಕು ಸಲ.

ಏಪ್ರಿಲ್ ೨೭, ಭಾನುವಾರ, ಕೊನೆಯ ಪುಟ

ಯಾರಿಗೆ ಏನು ಬಂತು:

ಅತ್ತಿಗೆಗೆ ಬೇರೆ ಮಂಚ, ಈ ವಾರ ಏಳಕ್ಕೆ ಏಳು ಪೂರ್ತಿ ರಾತ್ರಿ. ಹೊಸ ಪೆಟ್ಟು ಇಲ್ಲ.

ನನ್ನ ಹೆಂಡತಿಗೆ ಅಕ್ಕನ ಜೊತೆ ಆಡಲು ಆರು ತಿಂಗಳಿಗಾಗುವಷ್ಟು ಮಾತು.

ಪಟ್ಟಿ ಮೇಡಂಗೆ ಏನೂ ಇಲ್ಲ. ಎರಡು ಜೋಡಿ ಹುಡುಕಿಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಅಂಗಡಿಗೆ ಬಂದವರ ವಯಸ್ಸು ಕೇಳುತ್ತಿದ್ದೇನೆ, ಕೆಲವರಿಗೆ ಸಿಟ್ಟು ಬರುತ್ತಿದೆ.

ಮೇಷ್ಟ್ರಿಗೆ ಒಂದು ಸಣ್ಣ ಮಾತ್ರೆ, ವರ್ಷಕ್ಕೊಂದು ತಪಾಸಣೆ, ಮುಂದೇನೋ ಎಂಬ ಭಯ ಒಂದು, ಆರು ಗಂಟೆ ನಿದ್ದೆ.

ನನಗೆ ಐದು ಗಂಟೆ. ಒಂದು ಗಂಟೆ ಅವರದೇ ಹೆಚ್ಚು. ಇರಲಿ.